ಮೂಳೆ ಬಿಟ್ಟ ಸುಣ್ಣ

ಅವ್ವಾ,

ನೀನು ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬೇರೆ ಯಾರಿಗೂ ಹೇಳುವ ಧೈರ್ಯವಿಲ್ಲ.

ಹಾರ್ಮೋನು ಮತ್ತು ಮೂಳೆಯ ಸುಣ್ಣದಂಶದ ಮೇಲಿನ ನನ್ನ ಸಂಶೋಧನೆಗೆಂದು ಹೋದ ವಾರ ಹಳೇಬೀಡಿನಲ್ಲಿ ಜನರ ರಕ್ತ ಸಂಗ್ರಹಿಸಿದೆ. ಅಲ್ಲೇ ಸಂಸಾರ ಹೂಡಿರುವ ನಮ್ಮ ಪ್ರತಿಮಾ ನಗುತ್ತಾ ಬಂದು, "ಅಕ್ಕಾ, ನಂದೂ ಒಸಿ ತಗೊಳ್ಳೇ" ಎಂದು ಕೈ ಚಾಚಿದಳು.

ಇವತ್ತು ಫಲಿತಾಂಶ ಬಂತು. ರಕ್ತದಲ್ಲಿ ಸುಣ್ಣದಂಶ ಹೆಚ್ಚಾದರೆ ಕುತ್ತಿಗೆಯ ಸಣ್ಣ ಗ್ರಂಥಿಗಳು ತಮ್ಮ ಹಾರ್ಮೋನನ್ನು ತಗ್ಗಿಸಬೇಕು. ಅವಳಲ್ಲಿ ಎರಡೂ ಏರಿವೆ. ಗ್ರಂಥಿಯಲ್ಲಿ ಗಡ್ಡೆ ಬೆಳೆದಿರಬೇಕು. ಅದು ಮೂಳೆಯನ್ನು ಕರಗಿಸುತ್ತಿದೆ. ಕೆಲವು ಮನೆತನಗಳಲ್ಲಿ ಇದು ತಾಯಿಯಿಂದ ಮಕ್ಕಳಿಗೆ ಬರುತ್ತದೆ.

ಮಧ್ಯಾಹ್ನವೇ ಅವಳ ಮನೆಗೆ ಹೋಗಿ ಹೇಳಿದೆ. "ಆಪರೇಷನ್ ಮಾಡಿಸಿದ್ರೆ ವಾಸಿಯಾಗುತ್ತೆ, ಹೆದರಬೇಡ ಕಣೇ."

ಅವಳು ಹೆದರಲಿಲ್ಲ. "ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡು ಆಮೇಲೆ ಏಳದೇ ತೀರ್ಕೊಂಡ್ಳಲ್ಲ, ಅದೂ ಇದೇನಾ?"

"ಇರಬಹುದು."

"ಆಗ ನೀನು ಇದನ್ನೇ ಓದ್ತಿದ್ದೆ ಅಲ್ವಾ?"

ನಾನು ಚೀಲದಲ್ಲಿ ಏನನ್ನೋ ಹುಡುಕತೊಡಗಿದೆ. ಅವಳೇ ನನ್ನ ತೋಳು ಹಿಡಿದು, "ನಿಂದೂ ನೋಡಿಸ್ಕೊ" ಎಂದಳು. ಎಷ್ಟೋ ಜನರಿಗೆ ಸೂಜಿ ಚುಚ್ಚಿದವಳು ನಾನು. ನನ್ನ ರಕ್ತವನ್ನು ಮಾತ್ರ ಒಮ್ಮೆಯೂ ಪರೀಕ್ಷೆಗೆ ಕೊಟ್ಟಿರಲಿಲ್ಲ. ವಾಪಸ್ ಬಂದು ಅರಸೀಕೆರೆಯಲ್ಲಿ ಬಸ್ಸಿಳಿದವಳೇ ಲ್ಯಾಬಿಗೆ ಹೋಗಿ ಕೊಟ್ಟು ಬಂದೆ.

ನಾಳೆ ತಿಳಿಯುತ್ತದೆ. ನನಗೂ ಇದ್ದರೆ ಮುಂದೆ ಯಾರ ರಕ್ತ ತೆಗೆಯಬೇಕೆಂದು ನನಗೆ ಗೊತ್ತು. ಒಳಗೆ ನನ್ನ ಮಗಳು ಹಾಡಿಕೊಳ್ಳುತ್ತಾ ಜಡೆ ಹೆಣೆದುಕೊಳ್ಳುತ್ತಿದ್ದಾಳೆ. ಅವಳನ್ನು ಹೆಸರು ಹಿಡಿದು ಕರೆಯಲೂ ಭಯವಾಗುತ್ತಿದೆ, ಅವ್ವಾ.