ಅವ್ವ ನಿಲ್ಲುತ್ತಿದ್ದ ಜಾಗ

ಚಿಕಲಠಾಣಾ, ಛತ್ರಪತಿ ಸಂಭಾಜಿನಗರ
೧೯ ಜನವರಿ ೨೦೨೬, ಸೋಮವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಶಿವಕಾಂತನಿಗೆ,

'ಪ್ರೀತಿಯ' ಎಂದು ಬರೆದದ್ದು ರೂಢಿಗೆ. ಈ ಹೊತ್ತು ನಿನ್ನ ಮೇಲೆ ನನಗಿರುವುದು ಬರೀ ಸಿಟ್ಟು. ಆದರೂ ಕೇಳುತ್ತೇನೆ, ಹೇಗಿದ್ದೀ? ಕತ್ತು ನೋವು ಕಡಿಮೆಯಾಯಿತೇ? ಹಗಲೆಲ್ಲ ಕಿವಿಗೆ ಆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಕತ್ತು ಹಿಡಿಯದೆ ಇನ್ನೇನಾದೀತು. ನಾಸಿಕದಲ್ಲಿ ಈ ಸಲ ಚಳಿ ಜಾಸ್ತಿಯಂತೆ, ಅವ್ವ ಹೆಣೆದ ಮಫ್ಲರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆ. ಇಲ್ಲಿ ನಾನು ಆರಾಮ. ನನ್ನ ಮಗಳು ನಿಶ್ಮಿತಾ ಪರೀಕ್ಷೆಗೆ ಓದುವ ಬದಲು ಫೋನು ಕುಟ್ಟುತ್ತಿದ್ದಾಳೆ. ಅವ್ವ ಆರಾಮಿಲ್ಲ, ಅದಕ್ಕೇ ಈ ಕಾಗದ. ಗಾಬರಿಯಾಗಬೇಡ, ಮೈಗೇನೂ ಆಗಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು "ಹ್ಞೂಂ ಅಕ್ಕಾ, ಆಮ್ಯಾಲ ಮಾತಾಡ್ತೀನಿ" ಎಂದು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ನಡುವೆ ಕಟ್ ಮಾಡಲು ಬರುವುದಿಲ್ಲ.

ನೀನು ಸಂಗೀತ ಕೊಟ್ಟ ಗೇಮು ಈ ಊರಿನ ತುಂಬ ಓಡಾಡುತ್ತಿದೆ, ಸಂತೋಷಪಡು. ಹಾಡು ಶುರುವಾದರೆ ಮೇಲಿನಿಂದ ಬಣ್ಣದ ಬಿಲ್ಲೆಗಳು ಉದುರುತ್ತವೆ, ಗೆರೆ ಮುಟ್ಟಿದ ಕೂಡಲೇ ಬೆರಳಿಂದ ಕುಟ್ಟಬೇಕು. ಸರಿಯಾಗಿ ಕುಟ್ಟಿದರೆ ಹೂಮಳೆ, ತಡವಾದರೆ ಕೆಂಪಗೆ 'ಮಿಸ್'. ಹಾಡು ಕೇಳಲು ಕಿವಿ ಸಾಲದೆ ಈಗ ಬೆರಳೂ ಬೇಕಾಯಿತೇನಪ್ಪ? ಕಣ್ಣು ಮುಚ್ಚಿ ತಲೆದೂಗುವ ಬದಲು ಕಣ್ಣು ಕಿಸಿದುಕೊಂಡು ಗಾಜು ಕುಟ್ಟುವುದು ಯಾವ ಸೀಮೆಯ ಸಂಗೀತ? ನಿಶ್ಮಿತಾಳ ಕಾಲೇಜಿನಲ್ಲಿ ಇದರ ಸ್ಪರ್ಧೆಯೇ ನಡೆಯಿತು, ಗೆದ್ದವಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದರಂತೆ. ಮೊನ್ನೆ ವಾಳೂಜ್‌ನಲ್ಲಿ ಒಂದು ಮದುವೆಯ ಮೆರವಣಿಗೆ, ಬ್ಯಾಂಡಿನವರು ಗೇಮಿನ ಟ್ಯೂನನ್ನೇ ಬಾರಿಸುತ್ತಿದ್ದರು, ಮದುಮಗ ಕುದುರೆಯ ಮೇಲೆ ಕೂತೇ ತೊಡೆ ಕುಟ್ಟುತ್ತಿದ್ದ. ನೀನು ಕಳಿಸಿದ ವಿಡಿಯೋನೂ ನೋಡಿದೆ. ನಾಸಿಕದ ಸಭಾಗೃಹದಲ್ಲಿ ಸಾಲು ಸಾಲು ಪಿಟೀಲು ಇಟ್ಟುಕೊಂಡು ಗೇಮಿನ ಹಾಡು ನುಡಿಸುತ್ತಾರೆ, ಟಿಕೆಟ್ ತೆಗೆಸಿ ಬಂದವರು ಕಣ್ಣೊರೆಸಿಕೊಳ್ಳುತ್ತಾರೆ. ಅಳಲಿ ಬಿಡು, ಅವರ ಕಣ್ಣೀರು ಅವರದು. ನಮ್ಮ ಮನೆಯ ಹಾಡನ್ನು ನೀನು ಯಾಕೆ ಅದರೊಳಗೆ ಹಾಕಿದೆ?

ದೀಪಾವಳಿಗೆ ಬಂದಾಗ ಸೋಮವಾರದ ಭಜನೆಯಲ್ಲಿ ಅವ್ವನ ಮಂಗಳಾರತಿಯನ್ನು ಫೋನಿನಲ್ಲಿ ಹಿಡಿದುಕೊಂಡೆ. ನೆನಪಿಗೆ ಇಟ್ಟುಕೊಳ್ಳುತ್ತಾನೆ ಎಂದು ನಾವು ಹಿಗ್ಗಿದೆವು. ಸಂಕ್ರಾಂತಿಗೆ ಮುಂಚೆ ನಿಶ್ಮಿತಾ ಕುಣಿಯುತ್ತ ಬಂದು ಅವ್ವನ ಕೈಗೆ ಫೋನು ಕೊಟ್ಟಳು, "ಆಜಿ, ತೂ ಗೇಮ್ ಮಧೇ ಆಹೇಸ್!" ಎಂದಳು. ಅಜ್ಜಿ ಗೇಮಿನೊಳಗಿದ್ದಾಳೆ ಎಂದು ಅವಳಿಗೆ ಎಲ್ಲಿಲ್ಲದ ಖುಷಿ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪುತ್ತೇನೆ, ದನಿ ಚೆನ್ನಾಗಿಯೇ ಕೇಳುತ್ತದೆ. ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಕೂತಳು, ಬೆರಳಿಟ್ಟಳು. ಮೊದಲಿನ ಸಾಲುಗಳಿಗೆ ಹೂವು ಬಿದ್ದವು. ಕೊನೆಯ ಸಾಲಿಗೆ ಮುಂಚೆ ಅವ್ವ ಹಾಡುವಾಗ ಯಾವಾಗಲೂ ನಿಲ್ಲುವ ಹಾಗೆ ಬೆರಳು ತಡೆದು ನಿಂತಳು. ಫೋನಿನೊಳಗಿನ ಅವ್ವ ನಿಲ್ಲಲಿಲ್ಲ. ತನ್ನ ದನಿಯೇ ತನ್ನನ್ನು ಬಿಟ್ಟು ಮುಂದೆ ಹೋಯಿತು, ಪರದೆಯ ತುಂಬ ಕೆಂಪು. ಮತ್ತೆ ಆಡಿದಳು, ಅಲ್ಲೇ ಮಿಸ್. ನಾನು ನಿನಗೆ ಫೋನು ಮಾಡಿ ಕೇಳಿದರೆ ನೀನು ಎಷ್ಟು ಸಲೀಸಾಗಿ ಹೇಳಿದೆ, "ಅಲ್ಲಿ ಖಾಲಿ ಬಿದ್ದಿತ್ತು ಅಕ್ಕಾ, ಕ್ಲೀನ್ ಮಾಡೀನಿ" ಅಂತ.

ಖಾಲಿ! ಆ ಖಾಲಿ ಯಾರದು ಎಂದು ನಿನಗೆ ಗೊತ್ತಿಲ್ಲವೇ? ವಾಳೂಜ್‌ನ ಕಾರ್ಖಾನೆಯ ಪ್ರೆಸ್ ಯಂತ್ರದಲ್ಲಿ ಅಪ್ಪನ ಬಲಗೈಯ ಎರಡು ಬೆರಳು ಹೋದ ಮೇಲೆ ಎಲ್ಲರೂ ಅವನಿಗೆ ಭಜನೆಯಲ್ಲಿ ಕಂಚಿನ ತಾಳ ಬಾರಿಸುವುದು ಬಿಡು ಎಂದರು. ಬಿಡಲಿಲ್ಲ. ಕೊನೆಯ ಸಾಲು ಬರುವ ಹೊತ್ತಿಗೆ ತಾಳದ ದಾರ ಅವನ ಕೈಯಿಂದ ಜಾರುತ್ತಿತ್ತು, ಅವನು ಅದನ್ನು ಮತ್ತೆ ಸುತ್ತಿಕೊಳ್ಳುವವರೆಗೆ ಅವ್ವ ನಿಲ್ಲುತ್ತಿದ್ದಳು. ಅವನ ಕಡೆ ನೋಡುತ್ತಿರಲಿಲ್ಲ, ದೀಪ ನೋಡುತ್ತ ನಿಲ್ಲುತ್ತಿದ್ದಳು. ನಮ್ಮ ಹಾಗೆ ಬೀದರಿನಿಂದ ಬಂದು ಇಲ್ಲಿ ನೆಲೆಸಿದ ಮನೆಗಳ ಜನ ಉಸಿರು ಹಿಡಿದು ಕೂರುತ್ತಿದ್ದರು. 'ಝಣ್' ಎಂದ ಮೇಲೆಯೇ ಕೊನೆಯ ಸಾಲು. ಅಪ್ಪನ ತೊಡೆಯ ಮೇಲೆ ಕೂತು ಆ ದಾರ ಹುಡುಕಿ ಕೊಡುತ್ತಿದ್ದವನು ನೀನೇ. ಅಪ್ಪ ಹೋದ ಮೇಲೆ ತಾಳ ಪಕ್ಕದ ಮನೆಯ ರುಕ್ಮಿಣಿಬಾಯಿಯ ಕೈಗೆ ಬಂತು. ಅವರ ಹತ್ತು ಬೆರಳೂ ಗಟ್ಟಿ ಇವೆ, ಆದರೂ ಅವ್ವ ನಿಲ್ಲುತ್ತಾಳೆ, ಅವರೂ ಕಾಯುತ್ತಾರೆ. ಅಪ್ಪ ಈ ಮನೆಯಲ್ಲಿ ಉಳಿದದ್ದು ಅಷ್ಟೇ ಜಾಗದಲ್ಲಿ, ಶಿವೂ. ನೀನು ಅದನ್ನು ಕಸ ಗುಡಿಸಿದ ಹಾಗೆ ಗುಡಿಸಿ ಹಾಕಿದೆ.

ಅವ್ವನಿಗೆ ನಿನ್ನ ಮೇಲೆ ಸಿಟ್ಟು ಬಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವಳಿಗೆ ಬಂದದ್ದು ನಾಚಿಕೆ. "ನನ್ನ ಮಗ ಮಾಡ್ಯಾನ, ಅವನ್ದು ತಪ್ಪಿರಂಗಿಲ್ಲ, ನಾನೇ ಇಷ್ಟ್ ವರ್ಷ ತಾಳ ಬಿಟ್ಟು ಹಾಡೀನಿ" ಎನ್ನುತ್ತಾಳೆ. ಅದು ಅಪ್ಪನಿಗಾಗಿ ಬಿಟ್ಟದ್ದಲ್ಲವೇ ಎಂದರೆ, "ಜನಾ ನಗತಿದ್ರೋ ಏನೋ ನೋಡವಾ" ಎಂದು ಮುಖ ತಿರುಗಿಸಿದಳು. ಊಟವಾದ ಮೇಲೆ ನಿಶ್ಮಿತಾಳ ಫೋನು ಇಸಿದುಕೊಂಡು ಕೂರುತ್ತಾಳೆ. ತನ್ನ ಹಾಡನ್ನು ತಾನೇ ತಿದ್ದಿಕೊಳ್ಳುತ್ತಿದ್ದಾಳೆ, ಶಾಲೆಯ ಹುಡುಗಿಯ ಹಾಗೆ. ನಿನ್ನ ಗೇಮು ಊರಿಗೆಲ್ಲ ಬೇಕಾಗಲಿ, ನನಗೆ ಬೇಡ. ನನ್ನ ಕೈಯಲ್ಲಿದ್ದರೆ ಇವತ್ತೇ ನೀರಿಗೆ ಹಾಕುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬರೀ ವಡಾಪಾವ್ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಸಿಟ್ಟಿನಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ ಎಂದೇ ಬಯಸುವ,

ನಿನ್ನ ಅಕ್ಕ
ಭಾಗ್ಯಶ್ರೀ

ತಾ.ಕ.: ಸಂಜೆಯ ಭಜನೆ ಈಗಷ್ಟೇ ಮುಗಿಯಿತು. ರುಕ್ಮಿಣಿಬಾಯಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಅವರ ಮಗ ನಿಮ್ಮ ನಾಸಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯ ಕೆಲಸಕ್ಕೆ ಹೊರಟಿದ್ದಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಇವತ್ತು ಅವ್ವ ನಿಲ್ಲಲಿಲ್ಲ. ಒಂದೇ ಓಟದಲ್ಲಿ ಹಾಡಿ ಮುಗಿಸಿದಳು. ರುಕ್ಮಿಣಿಬಾಯಿ ರೂಢಿಯಂತೆ ಕಾದು ತಾಳ ಬಡಿದರು, ಅದು ಕೊನೆಯ ಸಾಲಿನ ನಡುವೆ ಒಂಟಿಯಾಗಿ ಬಿತ್ತು. ಯಾರೋ ನಕ್ಕರು. ಅವ್ವ ಆರತಿಯ ತಟ್ಟೆ ಕೆಳಗಿಟ್ಟು ನನ್ನನ್ನೇ ಕೇಳಿದಳು, "ಈಗ ಸರಿ ಆಯ್ತಲ್ಲ? ಶಿವೂಗ ಹೇಳು." ನಾನು ಹೇಳಿದ್ದೇನೆ, ನೀನು ಕೇಳಿಸಿಕೊಂಡೆ. ಬರುವ ಸೋಮವಾರ ಬಸ್ಸು ಹತ್ತು. ಅಪ್ಪನ ತಾಳ ನೀನು ಹಿಡಿ. ಕೊನೆಯ ಸಾಲಿಗೆ ಮುಂಚೆ ಬೇಕೆಂದೇ ದಾರ ಜಾರಿಸು, ಆಮೇಲೆ ನಿಧಾನವಾಗಿ ಸುತ್ತಿಕೋ. ಅವ್ವ ಮತ್ತೆ ನಿಲ್ಲುವವರೆಗೆ ಪ್ರತಿ ಸೋಮವಾರವೂ ಬರಬೇಕು.