ಕೋಲಾದಲ್ಲಿ ಕಲಸೋ ಪುಡಿ

ವರ್ಲೀನ್, ನಿನ್ನ ಗಂಡಂಗೆ ಅರಳುಮರಳು ಅಂತ ಮತ್ತೆ ಶುರು ಮಾಡಬೇಡ. ಸೋಮವಾರ ಕ್ಲಿನಿಕ್ಕಲ್ಲಿ ನೀನು ಆಡಿದ್ದೆಲ್ಲ ನೆನಪಿದೆ. ರಕ್ತ ತೆಳುವಾಗೋ ಮಾತ್ರೆ ಬರೆಯೋ ಮುಂಚೆ ನರ್ಸಮ್ಮ ರೋಂಡಾ ಕೇಳಿದ್ಲು, “ಬೇರೆ ಏನಾದ್ರೂ ಔಷಧಿ ತಗೋತೀರಾ ವರ್ಲೀನಮ್ಮ?”

“ಏನೂ ಇಲ್ಲ ಕಣಮ್ಮ,” ಅಂದೆ ನೀನು, ಚರ್ಚಲ್ಲಿ ಕೂತವಳ ಮುಖ ಮಾಡ್ಕೊಂಡು.

ದಿನಾ ಕೋಲಾದಲ್ಲಿ ಕಲಸಿ ಕುಡಿಯೋ ತಲೆನೋವಿನ ಪುಡಿ ಏನದು, ಸಕ್ಕರೆನಾ? ನಿಮ್ಮಮ್ಮ ಕುಡೀತಿದ್ಲು, ಊರಿನ ಗಣಿ ಕೆಲಸದೋರೆಲ್ಲ ಕುಡೀತಿದ್ರು, ಅದಕ್ಕೇ ಅದು ಔಷಧಿ ಅಲ್ಲ ಅಲ್ವಾ? ಇವತ್ತು ಬೆಳಿಗ್ಗೆ ಬಾಯಿ ತುಂಬ ರಕ್ತ ಉಗುಳಿ, ಹಲ್ಲುಜ್ಜೋ ಬ್ರಷ್ ಒರಟು ಅಂತೀಯಲ್ಲ ಮಾರಾಯ್ತಿ.

ನೀನು ಕೋಳಿಗೂಡಿಗೆ ಹೋದಾಗ ನಾನೇ ರೋಂಡಾಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. ಅವಳ ದನಿಯೇ ಇಳಿದುಹೋಯ್ತು. “ಆ ಪುಡೀಲಿ ಆಸ್ಪಿರಿನ್ ಇದೆ ತಾತ. ಈ ಮಾತ್ರೆ ಜೊತೆ ಸೇರಿದ್ರೆ ಹೊಟ್ಟೆ ಒಳಗೂ ರಕ್ತ ಸುರಿಯುತ್ತೆ. ಈಗ್ಲೇ ಕರ್ಕೊಂಡು ಬನ್ನಿ,” ಅಂದ್ಲು.

ನಮ್ಮ ಟ್ರಕ್ ಸ್ಟಾರ್ಟ್ ಆಗ್ತಿಲ್ಲ, ಪಕ್ಕದ ಮನೆ ಹಾರ್ಲನ್‌ದು ತರ್ತೀನಿ. ಶೂ ಹಾಕ್ಕೊಂಡು ಜಗುಲೀಲಿ ಕೂತಿರು. ಪುಡಿ ಪೊಟ್ಟಣ ಹುಡುಕಬೇಡ, ಎಲ್ಲಾ ನನ್ನ ಜೇಬಲ್ಲಿವೆ. ರೋಂಡಾ ನೋಡೋವರೆಗೂ ಆ ಮಾತ್ರೇನೂ ಮುಟ್ಟಬೇಡ.

ಕಾಯೋ ಹೊತ್ತಲ್ಲಿ ನಿನ್ನ ತಂಗಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳು. ಅವಳೂ ಅದೇ ಮಾತ್ರೆ ನುಂಗ್ತಾಳೆ, ಆ ಪುಡಿ ಕುಡಿಯೋಕೆ ಅವಳಿಗೆ ಕಲಿಸಿದ್ದೂ ನೀನೇ.