ಟೈಲ್ಸ್ ಕೆಳಗಿನ ಕೇಬಲ್

ಮಾರ್ಚ್ 3, ಭಾನುವಾರ, ಸಂಜೆ 5.40

ಇವತ್ತೂ ಅದೇ ಹಾಡು. ಆರನೇ ನಿಮಿಷಕ್ಕೆ ಕಟ್. ಪುಟ್ಟಿಯ ಮುಖ ಅರ್ಧ ಬಾಯಿ ತೆರೆದು ಹಾಗೇ ನಿಂತುಬಿಟ್ಟಿತು. ಶಾಲೆಯಲ್ಲಿ ಏನೋ ಆಯಿತು ಅನ್ನುತ್ತಿದ್ದಳು... ಏನು ಅಂತ ತಿಳಿಯಲಿಲ್ಲ. ಮಗಳು ಅವಳಮ್ಮನ ಹತ್ತಿರ. ಕೋರ್ಟು ನನಗೆ ಕೊಟ್ಟಿರುವುದು ವಾರಕ್ಕೆ ಇಪ್ಪತ್ತು ನಿಮಿಷದ ವಿಡಿಯೋ ಕಾಲ್. ಮೂರು ವಾರದಿಂದ ಒಂದು ಸಲವೂ ಪೂರ್ತಿ ಸಿಕ್ಕಿಲ್ಲ.

ಮಾರ್ಚ್ 4, ಸೋಮವಾರ

ವಕೀಲರು ಫೋನ್ ಮಾಡಿದ್ದರು. "ಆ ಕಡೆಯವರು ಅರ್ಜಿ ಹಾಕ್ತಾರಂತೆ. ಅಪ್ಪನಿಗೇ ಮಾತಾಡೋಕೆ ಇಷ್ಟ ಇಲ್ಲ, ಅವರೇ ಕಟ್ ಮಾಡ್ತಾರೆ ಅಂತ. ಈ ಭಾನುವಾರ ಪೂರ್ತಿ ಇಪ್ಪತ್ತು ನಿಮಿಷ ಆಗ್ಲೇಬೇಕು ನೋಡಿ. ಇಲ್ಲಾಂದ್ರೆ ಕಾಲೇ ನಿಲ್ಲಿಸಿಬಿಡ್ತಾರೆ."

ನಾನೇ ಕಟ್ ಮಾಡುತ್ತೇನಂತೆ. ಮೈಯೆಲ್ಲ ಉರಿಯಿತು.

ಸಂಜೆ ಕಂಪ್ಯೂಟರ್ ಅಂಗಡಿಗೆ ಹೋದೆ. ರೂಟರ್ ಅಡುಗೆಮನೆಯಲ್ಲಿ, ಕಂಪ್ಯೂಟರ್ ಮುಂದಿನ ಕೋಣೆಯಲ್ಲಿ, ನಡುವೆ ಎರಡು ಗೋಡೆ ಎಂದೆ. ಅಂಗಡಿಯವನು ತಲೆ ಎತ್ತದೆ ಹೇಳಿದ: "ವೈಫೈ ನೆಚ್ಚಿಕೋಬೇಡಿ ಅಣ್ಣ. ಕೇಬಲ್ ಎಳ್ಕೊಳ್ಳಿ. ಒಂದು ತುದಿ ರೂಟರ್‌ಗೆ, ಒಂದು ತುದಿ ಕಂಪ್ಯೂಟರ್‌ಗೆ. ಹಸಿರು ಲೈಟ್ ಬಂದ್ರೆ ಮುಗೀತು." ಹದಿನೈದು ಮೀಟರ್ ತಂದೆ.

ಮಾರ್ಚ್ 6, ಬುಧವಾರ

ಕೇಬಲ್ ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದಿರುವುದನ್ನು ನೋಡಲಾಗಲಿಲ್ಲ. ಇಪ್ಪತ್ತೆರಡು ವರ್ಷ ಕಂಡವರ ಮನೆಗೆಲ್ಲ ಟೈಲ್ಸ್ ಹಾಕಿದವನು. ಕ್ಯಾಮೆರಾದಲ್ಲಿ ಅವಳಮ್ಮನಿಗೆ ಇದು ಕಾಣಬೇಕೇ? ಒಂದು ಸಾಲು ಟೈಲ್ಸ್ ಎಬ್ಬಿಸಿದೆ. ಕೇಬಲ್ ಹೂತೆ. ತಿರುವಿನಲ್ಲಿ ಮೂಲಮಟ್ಟ ಇಟ್ಟು, ಸರಿಯಾದ ಮೂಲೆ ಬರುವಂತೆ ಬಗ್ಗಿಸಿ, ಸುತ್ತಿಗೆಯಲ್ಲಿ ಎರಡು ತಟ್ಟಿ ಕೂರಿಸಿದೆ. ಮೇಲೆ ಹೊಸ ಟೈಲ್ಸ್, ಸಂದಿಗೆ ಬಿಳಿ ಸಿಮೆಂಟು.

ತಂಗಿ ಬಂದಿದ್ದಳು. "ಮೊದ್ಲು ಹಾಕಿ ನೋಡ್ಬಾರ್ದಿತ್ತಾ ಅಣ್ಣ? ಲೈಟ್ ಬರುತ್ತೋ ಇಲ್ವೋ."

"ನನ್ನ ಕೆಲಸ ನಂಗೊತ್ತು, ಸುಮ್ನಿರು."

ಸಿಮೆಂಟು ಒಣಗುವವರೆಗೆ ಆ ಕಡೆ ಕಾಲಿಡುವಂತಿಲ್ಲ.

ಮಾರ್ಚ್ 8, ಶುಕ್ರವಾರ

ಲೈಟ್ ಬರಲಿಲ್ಲ.

ಮಾರ್ಚ್ 9, ಶನಿವಾರ, ಮಧ್ಯಾಹ್ನ

ಅಂಗಡಿಯವನನ್ನು ಕೈಕಾಲು ಹಿಡಿದು ಕರೆತಂದೆ. ಎರಡು ತುದಿಗೂ ಸಣ್ಣ ಡಬ್ಬಿ ಸಿಕ್ಕಿಸಿ ನೋಡಿದ. "ಒಳಗೆ ಎಂಟು ತಂತಿ ಅಣ್ಣ, ಮೂರು ಹೋಗಿದೆ. ಎಲ್ಲಾದ್ರೂ ಬಗ್ಗಿಸಿದ್ರಾ?" ಮೂಲೆ ತೋರಿಸಿದೆ. ಸುತ್ತಿಗೆಯ ವಿಷಯವನ್ನೂ ಹೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ನಾನೇ ಹಾಕಿದ ನೆಲವನ್ನು ನಾನೇ ಒಡೆದು ಕೇಬಲ್ ಹೊರತೆಗೆದೆ. ಚಪ್ಪಲಿ ಸೊಟ್ಟ ಬಿಟ್ಟಳೆಂದು ಪುಟ್ಟಿಗೆ ಹೊಡೆದದ್ದು ನೆನಪಾಯಿತು. ಒಂದೇ ಸಲ. ಇಲ್ಲ — ಒಂದೇ ಸಲ ಅಲ್ಲ.

ಹೊಸ ಕೇಬಲ್. ಗೋಡೆಯ ಬದಿಗೆ, ಸೊಟ್ಟಪಟ್ಟ. ಇರಲಿ. ಎರಡೂ ಕಡೆ ಹಸಿರು ಬಂತು. ಮಕ್ಕಳ ಹಾಗೆ ಅದನ್ನೇ ನೋಡುತ್ತಾ ಕೂತಿದ್ದೆ.

ಮಾರ್ಚ್ 10, ಭಾನುವಾರ, ಸಂಜೆ 6.10

ಇಪ್ಪತ್ತು ನಿಮಿಷ. ಪೂರ್ತಿ. ಎಲ್ಲೂ ನಿಲ್ಲಲಿಲ್ಲ. ಅವರ ಮನೆಯ ಫ್ಯಾನಿನ ಕಿರ್ ಕಿರ್ ಕೂಡ ಕೇಳುತ್ತಿತ್ತು. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ. ಇಷ್ಟು ದಿನ ಕಂಡೇ ಇರಲಿಲ್ಲ.

ಒಂಬತ್ತನೇ ನಿಮಿಷಕ್ಕೆ ಪಕ್ಕಕ್ಕೆ ತಿರುಗಿದಳು. ನನಗೆ ಕೇಳಿಸದು ಅಂದುಕೊಂಡು, ಮೆಲ್ಲಗೆ, "ಅಮ್ಮಾ, ಇವತ್ತು ಯಾಕೆ ಕಟ್ ಆಗ್ತಿಲ್ಲ?"

ಇನ್ನೂ ಹನ್ನೊಂದು ನಿಮಿಷ ಇತ್ತು. ಅವತ್ತು ಶಾಲೆಯಲ್ಲಿ ಏನಾಯಿತು ಎಂದೆ. ಏನಿಲ್ಲ ಎಂದಳು. ಕೈ ಕಟ್ಟಿ ನೆಟ್ಟಗೆ ಕೂತಿದ್ದಳು, ನಾನು ಕಲಿಸಿದ ಹಾಗೆ. ಕೊನೆಯವರೆಗೂ ಹಾಗೇ ಕೂತಿದ್ದಳು.

ವಕೀಲರಿಗೆ ಫೋನ್ ಮಾಡಿ ಪೂರ್ತಿ ಆಯಿತು ಎಂದೆ. "ಒಳ್ಳೇದಾಯ್ತು. ಇನ್ನು ಅವರು ಏನೂ ಮಾಡೋ ಹಾಗಿಲ್ಲ. ಪ್ರತಿ ವಾರ ಹೀಗೇ ನಡೀಲಿ" ಅಂದರು.

ಹೂಂ ಅಂದೆ. ಆದರೆ ಮುಂದಿನ ಭಾನುವಾರ, ಒಂದೈದು ನಿಮಿಷ ಮಾತಾಡಿ, ಕೇಬಲ್ಲನ್ನು ನಾನೇ ಕಿತ್ತು...